ಚಿಪ್, ಮಾಡ್ಯೂಲ್, ಬೋರ್ಡ್: ಮೂರಕ್ಕೂ ‘ಚಿಪ್’ ಎಂದರೆ ಸಾಕೇ?

ಬಲ್ಲವರಿಗೆ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು. ಶನಿವಾರ ಸಂಜೆ ನಮ್ಮೂರಿನ ವಾಚನಾಲಯದ ಹಿಂದಿನ ಕೋಣೆಯಲ್ಲಿ ಹೈಸ್ಕೂಲಿನ ಏಳೆಂಟು ಮಕ್ಕಳು ಸೇರುತ್ತಾರೆ. ಬೆಸುಗೆ ಹಾಕುವುದು, ಸೆನ್ಸರ್ ಜೋಡಿಸುವುದು, ಗುಡ್ಡದ ಮೇಲಿನ ಟ್ಯಾಂಕಿಯಲ್ಲಿ ನೀರು ಎಷ್ಟಿದೆ ಎಂಬುದನ್ನು ಮನೆಯ ಮೊಬೈಲಿಗೆ ಕಳುಹಿಸುವುದು, ಇಂಥ ಕೆಲಸ. ಎಲ್ಲರೂ ಕನ್ನಡ ಮಾಧ್ಯಮದವರು. ಕೇರಳದ ಹತ್ತನೆಯ ತರಗತಿಯ ಐಸಿಟಿ (ಮಾಹಿತಿ ತಂತ್ರಜ್ಞಾನ) ಪಠ್ಯಕ್ಕೆ 2025ರಿಂದ ರೋಬೋಟಿಕ್ಸ್ ಬಂದಿರುವುದರಿಂದ ಮನೆಯವರೂ ಈಗ ಬೈಯುವುದಿಲ್ಲ. ಯಾವ ಕೆಲಸಕ್ಕೆ ಯಾವ ನಿಸ್ತಂತು ಮೈಕ್ರೋಕಂಟ್ರೋಲರ್ (ತಂತಿಯಿಲ್ಲದೆ ಸುದ್ದಿ ಕಳುಹಿಸುವ ಪುಟ್ಟ ಗಣಕ) ಒಳ್ಳೆಯದು ಎಂದು ಹೋಲಿಸಿ ಅವರಿಗಾಗಿ ನಾಲ್ಕು ಪುಟದ ಟಿಪ್ಪಣಿ ಬರೆದೆ. ಆ ಟಿಪ್ಪಣಿಯಲ್ಲಿ ನಾನು ಬಳಸಿದ ಒಂದು ಪದದಿಂದ ಒಂದು ಬ್ಯಾಟರಿ ಸತ್ತಿತು. ಹಾಗಾಗಿ ಈ ಪ್ರಶ್ನೆ: ಚಿಪ್, ಮಾಡ್ಯೂಲ್, ಬೋರ್ಡ್ ಈ ಮೂರನ್ನೂ ಕನ್ನಡದಲ್ಲಿ ಬೇರೆಬೇರೆಯಾಗಿ ಏನೆಂದು ಕರೆಯೋಣ?

‘ಇಎಸ್‌ಪಿ32 ಚಿಪ್: ಗಾಢನಿದ್ರೆಯಲ್ಲಿ 10 ಮೈಕ್ರೋಆಂಪಿಯರ್’ ಎಂದು ಬರೆದಿದ್ದೆ. ಅದು ಅಂಥದೊಂದು ಮೈಕ್ರೋಕಂಟ್ರೋಲರ್; ಗಾಢನಿದ್ರೆ ಎಂದರೆ ಕೆಲಸವಿಲ್ಲದಾಗ ಅದು ವಿದ್ಯುತ್ ಉಳಿಸುವ ಸ್ಥಿತಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಲ್ಲೇ ಕುಳಿತು ಲೆಕ್ಕ ಹಾಕಿದಳು. 2500 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಎರಡೂವರೆ ಲಕ್ಷ ಗಂಟೆ ಬರಬೇಕು, ಅಂದರೆ ಇಪ್ಪತ್ತೆಂಟು ವರ್ಷ. ಅಷ್ಟು ಕಾಲ ಬ್ಯಾಟರಿಯೇ ಬಾಳುವುದಿಲ್ಲ, ಸುಮ್ಮನಿದ್ದರೂ ಸೋರಿಹೋಗುತ್ತದೆ ಎಂದು ನಗುತ್ತಾ ಹೇಳಿದೆ. ಒಂದು ವರ್ಷವಾದರೂ ಬಂದೀತು ಎಂದು ಅವಳು ಅದನ್ನು ಟ್ಯಾಂಕಿಯ ಮುಚ್ಚಳದ ಕೆಳಗೆ ಕಟ್ಟಿ ಬಂದಳು. ಹನ್ನೊಂದನೆಯ ದಿನ ಸುದ್ದಿ ನಿಂತಿತು. ಮಲ್ಟಿಮೀಟರ್ ಹಿಡಿದು ನೋಡಿದರೆ ‘ನಿದ್ರಿಸುತ್ತಿರುವ ಚಿಪ್’ ಒಂಬತ್ತು ಮಿಲಿಆಂಪಿಯರಿಗೂ ಹೆಚ್ಚು ಕುಡಿಯುತ್ತಿತ್ತು, ನಾನು ಬರೆದದ್ದರ ಸಾವಿರ ಪಾಲಿನಷ್ಟು.

ಚಿಪ್ ನಿಜಕ್ಕೂ ನಿದ್ರಿಸುತ್ತಿತ್ತು. ಎಚ್ಚರವಾಗಿದ್ದದ್ದು ಅದರ ಮನೆಮಂದಿ. ಅವಳ ಕೈಯಲ್ಲಿದ್ದದ್ದು ಚಿಪ್ ಅಲ್ಲ, ಬೋರ್ಡ್. ಅದರ ಮೇಲೆ ಸದಾ ಉರಿಯುವ ಕೆಂಪು ದೀಪವಿದೆ, ಯುಎಸ್‌ಬಿ ಮಾತನ್ನು ಸೀರಿಯಲ್ ಮಾತಿಗೆ ತಿರುಗಿಸುವ ಇನ್ನೊಂದು ಚಿಪ್ ಇದೆ, 5 ವೋಲ್ಟನ್ನು 3.3ಕ್ಕೆ ಇಳಿಸುವ ರೆಗ್ಯುಲೇಟರ್ ಇದೆ. ಅಗ್ಗದ ಬೋರ್ಡುಗಳಲ್ಲಿ ಹಾಕುವ 1117 ಜಾತಿಯ ರೆಗ್ಯುಲೇಟರ್ ತಾನೊಂದೇ ಸುಮಾರು ಐದು ಮಿಲಿಆಂಪಿಯರ್ ನುಂಗುತ್ತದೆ. ನಾನು ಚಿಪ್‌ನ ಅಂಕಿ ಬರೆದು ಬೋರ್ಡನ್ನು ಕೈಗೆ ಕೊಟ್ಟಿದ್ದೆ. ಸುಲಿದ ಚಾಲಿಯ ಧಾರಣೆ ಓದಿ ಸಿಪ್ಪೆಸಹಿತ ಅಡಿಕೆ ತೂಗಿಸಿದ ಹಾಗಾಯಿತು.

ಹೀಗೆ ನೋಡಿದರೆ ನಾವು ‘ಚಿಪ್’ ಎನ್ನುವುದು ಒಂದರೊಳಗೊಂದು ಇರುವ ಮೂರು ವಸ್ತುಗಳಿಗೆ. ಉಗುರಿನಷ್ಟು ಅಗಲದ ಕಪ್ಪು ಚೌಕ ಮೊದಲನೆಯದು, ಅದೇ ನಿಜವಾದ ಚಿಪ್. ಅದರ ಜೊತೆಗೆ ಫ್ಲ್ಯಾಶ್ ಸ್ಮೃತಿ, ತಾಳ ಹಿಡಿಯುವ ಹರಳು, ಹಾವಿನಂತೆ ಬಳುಕಿದ ಆಂಟೆನಾ ಸೇರಿಸಿ ಮೇಲೆ ಬೆಳ್ಳಿಬಣ್ಣದ ತಗಡಿನ ಮುಚ್ಚಳ ಹೊದಿಸಿದರೆ ಮಾಡ್ಯೂಲ್. ಅದನ್ನು ಪಿನ್ನು, ಗುಂಡಿ, ಯುಎಸ್‌ಬಿ ಕಿಂಡಿ ಇರುವ ಹಲಗೆಯ ಮೇಲೆ ಕೂರಿಸಿದರೆ ಬೋರ್ಡ್. ಇಎಸ್‌ಪಿ32 ಎಂಬ ಹೆಸರು ಈ ಮೂರಕ್ಕೂ ನಡೆಯುತ್ತದೆ. ಅಂಗಡಿಯವನೂ ಹಾಗೆಯೇ ಹೇಳುತ್ತಾನೆ, ನಾನೂ ಹಾಗೆಯೇ ಬರೆದೆ.

ಹೋಲಿಕೆಗೆ ಕುಳಿತಾಗ ಇದು ಇನ್ನೂ ಕಾಡುತ್ತದೆ. 2014ರಲ್ಲಿ ಹವ್ಯಾಸಿಗಳ ಕೈಗೆ ಬಂದ ಇಎಸ್‌ಪಿ8266ರಲ್ಲಿ ಲೆಕ್ಕ ಮಾಡುವ ಮಿದುಳೂ ವೈಫೈ ರೇಡಿಯೋವೂ ಒಂದೇ ಚಿಪ್‌ನ ಒಳಗಿವೆ. 2016ರ ಇಎಸ್‌ಪಿ32 ಅದರ ತಮ್ಮ, ಆದರೆ ಅಣ್ಣನಿಗಿಂತ ಗಟ್ಟಿ: ಎರಡು ಕೋರ್, 240 ಮೆಗಾಹರ್ಟ್ಸ್, 520 ಕಿಲೋಬೈಟ್ ಸ್ಮೃತಿ, ವೈಫೈ ಜೊತೆಗೆ ಬ್ಲೂಟೂತ್. ನಾರ್ವೆಯ ನಾರ್ಡಿಕ್ ಕಂಪನಿಯ ಎನ್‌ಆರ್‌ಎಫ್52840ರಲ್ಲಿ ವೈಫೈ ಇಲ್ಲ. ಬ್ಲೂಟೂತ್, ಜಿಗ್‌ಬೀ, ಥ್ರೆಡ್ ಎಂಬ ಕಡಿಮೆ ವಿದ್ಯುತ್ತಿನ ನಿಸ್ತಂತು ಬಗೆಗಳಿವೆ, ನಾಣ್ಯದಂಥ ಸೆಲ್ಲಿನಲ್ಲಿ ತಿಂಗಳುಗಟ್ಟಲೆ ಬದುಕುವ ಮಿತವ್ಯಯಿ. ಇವು ಮೂರನ್ನೂ ‘ನಿಸ್ತಂತು ಚಿಪ್’ ಎನ್ನಬಹುದು. ಆದರೆ 2022ರ ರಾಸ್‌ಬೆರಿ ಪೈ ಪೈಕೋ ಡಬ್ಲ್ಯೂ? ಅದರ ಆರ್‌ಪಿ2040 ಚಿಪ್‌ಗೆ ರೇಡಿಯೋ ಗೊತ್ತೇ ಇಲ್ಲ. ವೈಫೈಗೆಂದು ಪಕ್ಕದಲ್ಲಿ ಬೇರೆ ಕಂಪನಿಯ ಇನ್ನೊಂದು ಚಿಪ್ ಕುಳಿತಿದೆ. ಅದು ನಿಸ್ತಂತು ಬೋರ್ಡ್ ಹೌದು, ನಿಸ್ತಂತು ಚಿಪ್ ಅಲ್ಲ. ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಮೇಲೆ ‘ಚಿಪ್’ ಎಂದು ತಲೆಬರಹ ಕೊಟ್ಟರೆ ಕೋಷ್ಟಕವೇ ಸುಳ್ಳಾಗುತ್ತದೆ.

ಬೋರ್ಡಿಗೆ ನನ್ನ ಮನಸ್ಸಿನಲ್ಲಿರುವುದು ‘ಮಣೆ’. ಕೀಬೋರ್ಡಿಗೆ ಕೀಲಿಮಣೆ ಎಂದು ನಾವೆಲ್ಲ ಒಪ್ಪಿ ಆಗಿದೆ, ಇದಕ್ಕೇಕೆ ಫಲಕ? ಫಲಕವನ್ನು ಗೋಡೆಗೆ ತೂಗುಹಾಕುತ್ತಾರೆ, ಮಣೆಯ ಮೇಲೆ ಕೂರುತ್ತಾರೆ. ಮಾಡ್ಯೂಲ್ ಕೂರುವುದು ಮಣೆಯ ಮೇಲೆಯೇ. ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ನೋಡುವ ಬ್ರೆಡ್‌ಬೋರ್ಡಿಗಂತೂ ಹೆಸರು ತಾನಾಗಿಯೇ ಹುಟ್ಟಿತು. ಎಂಟನೆಯ ತರಗತಿಯ ಹುಡುಗನೊಬ್ಬ ಅದನ್ನು ಮೊದಲ ಬಾರಿ ಕಂಡವನೇ “ಇದು ಚೆನ್ನೆಮಣೆಯಲ್ಲವೇ?” ಎಂದ. ಘಟ್ಟದ ಮೇಲಿನವರಿಗೆ ಅಳಗುಳಿಮಣೆ ಎಂದರೆ ತಿಳಿದೀತು. ಆಟಿ ತಿಂಗಳ ಮಳೆಯಲ್ಲಿ ಅಜ್ಜಿಯ ಜೊತೆ ಆಡಿದವನಿಗೆ ಸಾಲುಸಾಲಾದ ಗುಳಿಗಳು ಬೇರೇನಾಗಿ ಕಾಣಬೇಕು? ಚೆನ್ನೆಮಣೆಗೆ ಹದಿನಾಲ್ಕೇ ಗುಳಿ, ಇದಕ್ಕೆ ನೂರಾರು; ಅಷ್ಟು ವ್ಯತ್ಯಾಸಕ್ಕೆ ನನ್ನ ತಕರಾರಿಲ್ಲ. ಇಂಗ್ಲಿಷಿನಲ್ಲೂ ಹಿಂದಿನ ರೇಡಿಯೋ ಹವ್ಯಾಸಿಗಳು ರೊಟ್ಟಿ ಕೊಯ್ಯುವ ಹಲಗೆಯ ಮೇಲೆ ಮೊಳೆ ಹೊಡೆದು ಜೋಡಿಸುತ್ತಿದ್ದುದರಿಂದಲೇ ಆ ಹೆಸರು ಬಂದದ್ದು. ಅವರ ಅಡುಗೆಮನೆಯಿಂದ ಅವರಿಗೆ, ನಮ್ಮ ಚಾವಡಿಯಿಂದ ನಮಗೆ.

ತೊಡಕಿರುವುದು ನಡುವಿನ ಮಾಡ್ಯೂಲಿಗೆ. ‘ಘಟಕ’ ಎಂದರೆ ಪಕ್ಷದ ಜಿಲ್ಲಾ ಘಟಕ ನೆನಪಾಗುತ್ತದೆ. ‘ಅಡಕ’ ಎಂದು ಹೊಸದಾಗಿ ಕಟ್ಟಬಹುದು, ಆದರೆ ಮಕ್ಕಳ ಬಾಯಲ್ಲಿ ಅದು ಅಡಿಕೆಯಾಗಲು ಹೊತ್ತು ಬೇಡ. ಬೆಳ್ಳಿಯ ಮುಚ್ಚಳವನ್ನು ನೋಡುತ್ತಾ ನನಗೆ ಹೊಳೆದದ್ದು ‘ಕರಡಿಗೆ’. ಬೆಲೆಬಾಳುವುದನ್ನು ಒಳಗಿಟ್ಟು ಮುಚ್ಚುವ ಚಿಕ್ಕ ಪೆಟ್ಟಿಗೆ, ಮಾಡ್ಯೂಲಿನ ಕೆಲಸವೂ ಅದೇ.

ಇನ್ನೊಂದು ಪದದ ಮೇಲೂ ನಿಮ್ಮ ಅಭಿಪ್ರಾಯ ಬೇಕು: ನಿದ್ರೆ. ಇಎಸ್‌ಪಿ ಚಿಪ್‌ಗಳಲ್ಲಿ ಇದು ಮೂರು ಬಗೆ. ಮೊದಲನೆಯದರಲ್ಲಿ ರೇಡಿಯೋ ಮಾತ್ರ ಆರುತ್ತದೆ, ಲೆಕ್ಕ ನಡೆದೇ ಇರುತ್ತದೆ; ಕಿವಿ ಮುಚ್ಚಿಕೊಂಡು ಎಚ್ಚರವಾಗಿರುವವನನ್ನು ನಿದ್ರಿಸುತ್ತಿದ್ದಾನೆ ಎನ್ನಲು ನನಗೆ ಮನಸ್ಸಿಲ್ಲ, ‘ಕಿವಿಮುಚ್ಚು’ ಎಂದೇ ಬರೆದಿದ್ದೇನೆ. ಎರಡನೆಯದರಲ್ಲಿ ಲೆಕ್ಕವೂ ನಿಲ್ಲುತ್ತದೆ, ಸ್ಮೃತಿ ಉಳಿಯುತ್ತದೆ, ಕರೆದ ತಕ್ಷಣ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಅದು ಅಪ್ಪಟ ಕೋಳಿನಿದ್ದೆ. ಮೂರನೆಯದನ್ನು ಗಾಢನಿದ್ರೆ ಎಂದು ಎಲ್ಲರೂ ಅನುವಾದಿಸುತ್ತಾರೆ, ನಾನೂ ಹಾಗೆಯೇ ಮಾಡಿದೆ. ಅಲ್ಲಿಯೂ ಪದ ಕೈಕೊಟ್ಟಿತು.

ಒಬ್ಬ ಹುಡುಗ ಚಿಪ್ ಎಷ್ಟು ಸಲ ಎದ್ದಿತು ಎಂದು ಎಣಿಸಲು ಪ್ರೋಗ್ರಾಮ್ ಬರೆದಿದ್ದ. ಹತ್ತು ಸೆಕೆಂಡಿಗೊಮ್ಮೆ ಏಳುತ್ತದೆ, ಪರದೆಯ ಮೇಲೆ 1 ಮೂಡುತ್ತದೆ, ಮಲಗುತ್ತದೆ. ಮತ್ತೆ ಏಳುತ್ತದೆ, ಮತ್ತೆ 1. ಕಾಲು ಗಂಟೆ ಅದನ್ನೇ ನೋಡುತ್ತಾ ಕುಳಿತವನು “ನಾನು ನಿದ್ದೆ ಮಾಡಿ ಎದ್ದರೆ ನಿನ್ನೆಯದು ನೆನಪಿರುತ್ತದೆ, ಇದಕ್ಕೇಕೆ ಇಲ್ಲ?” ಎಂದು ಕೇಳಿದ. ಏಕೆಂದರೆ ಇದು ನಿದ್ರೆಯೇ ಅಲ್ಲ. ಮುಖ್ಯ ಸ್ಮೃತಿಗೆ ವಿದ್ಯುತ್ ನಿಂತು ಎಲ್ಲ ಅಳಿಸಿಹೋಗುತ್ತದೆ, ಎದ್ದಾಗ ಪ್ರೋಗ್ರಾಮ್ ಮೊದಲ ಸಾಲಿನಿಂದ ಶುರು. ಆಗಲೂ ಒಳಗೆ ನಡೆಯುತ್ತಲೇ ಇರುವ ಗಡಿಯಾರದ ಪಕ್ಕದ ಸಣ್ಣ ಸ್ಮೃತಿಯಲ್ಲಿ ಬೇಕೆಂದೇ ಬರೆದಿಟ್ಟದ್ದು ಮಾತ್ರ ಉಳಿಯುತ್ತದೆ, ಇಎಸ್‌ಪಿ32ರಲ್ಲಿ ಅಂಥ ಜಾಗ ಕೆಲವೇ ಕಿಲೋಬೈಟ್. ಇದು ಸತ್ತು ಹುಟ್ಟುವುದು. ಆ ಸಣ್ಣ ಸ್ಮೃತಿ ಪೂರ್ವಜನ್ಮದ ವಾಸನೆ. ಹಾಗೆ ಹೇಳಿದ ಮೇಲೆ ಆ ಹುಡುಗ ಎಣಿಕೆಯನ್ನು ವಾಸನೆಯ ಜಾಗಕ್ಕೆ ಸಾಗಿಸಿದ, 2, 3, 4 ಎಂದು ಏರತೊಡಗಿತು. ಆದರೂ ಟಿಪ್ಪಣಿಯಲ್ಲಿ ‘ಮರಣ’ ಎಂದು ಅಚ್ಚುಹಾಕಲು ಧೈರ್ಯವಿಲ್ಲ. ಗಾಢನಿದ್ರೆಯನ್ನೇ ಇಟ್ಟು, ‘ಏಳುವುದು’ ಎಂಬುದರ ಬದಲು ‘ಮರುಹುಟ್ಟು’ ಎಂದರೆ ಹೇಗೆ?

‘ನಿಸ್ತಂತು’ ಬಗ್ಗೆ ಎರಡೇ ಮಾತು. ಪತ್ರಿಕೆಗಳು ಬಳಸುತ್ತವೆ, ಹಾಗಾಗಿ ಉಳಿಸಿಕೊಂಡೆ. ಜೀವಶಾಸ್ತ್ರದ ತಂತುಬೇರು ಓದಿದ ಮಕ್ಕಳು ಬೇರಿಲ್ಲದ್ದು ಎಂದುಕೊಂಡರು. ಪಕ್ಕದ ಮಲಯಾಳದಲ್ಲಿ ಹಿಂದೆ ಇದಕ್ಕೆ ‘ಕಂಬಿಯಿಲ್ಲಾಕ್ಕಂಬಿ’ ಎನ್ನುತ್ತಿದ್ದರು, ಕಂಬಿಯಿಲ್ಲದ ತಂತಿ ಎಂದು. ನಮ್ಮಲ್ಲಿ ಕಂಬಿ ಎಂದರೆ ಎಣಿಸುವಂಥದ್ದು, ಅದು ಬೇಡ. ರೇಡಿಯೋ ತಲುಪುವ ದೂರಕ್ಕೆ ಮಾತ್ರ ಯಾರನ್ನೂ ಕೇಳದೆ ‘ಕೂಗಳತೆ’ ಎಂದು ಬರೆದುಬಿಟ್ಟಿದ್ದೇನೆ. ಅಡಿಕೆ ತೋಟದ ತಗ್ಗಿನಿಂದ ಮನೆಗೆ ಕೂ ಹಾಕಿ ಕರೆಯುವವರ ನಾಡು ಇದು. ವೈಫೈ ಕೂಗಳತೆ ತಗ್ಗು ಮುಟ್ಟುವುದಿಲ್ಲ, ಅಲ್ಲಿಗೆ 865–867 ಮೆಗಾಹರ್ಟ್ಸಿನ ಲೋರಾ ಎಂಬ ದೂರ ಮುಟ್ಟುವ ರೇಡಿಯೋ ಬೇಕು ಎಂದರೆ ಮಕ್ಕಳಿಗೆ ಒಡನೆಯೇ ತಿಳಿಯುತ್ತದೆ.

ಹಾಗಾಗಿ ಕೇಳುವುದು ಮುಖ್ಯವಾಗಿ ‘ಕರಡಿಗೆ’ಯ ಬಗ್ಗೆ. ನಮ್ಮ ಕಡೆ ಅದು ಬರಿಯ ಹಳೆಯ ಪೆಟ್ಟಿಗೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ಕಡೆಯವರಿಗೆ ಕೊರಳಲ್ಲಿ ಧರಿಸುವ ಇಷ್ಟಲಿಂಗದ ಕರಡಿಗೆ. ‘ಕರಡಿಗೆಯನ್ನು ಮಣೆಗೆ ಬೆಸುಗೆ ಹಾಕಿರಿ’ ಎಂಬ ವಾಕ್ಯ ನಿಮ್ಮ ಮನೆಯ ಹಿರಿಯರ ಕಿವಿಗೆ ಒರಟಾಗಿ ಕೇಳಿಸುವುದಾದರೆ ತಿಳಿಸಿ, ಮಾಡ್ಯೂಲ್ ಎಂದೇ ಬಿಟ್ಟುಬಿಡುತ್ತೇನೆ. ಸದ್ಯಕ್ಕೆ ಆ ಕಾಲಮಿನ ತಲೆ ಖಾಲಿ ಇದೆ, ಟಿಪ್ಪಣಿಯ ಉಳಿದ ಮೂರು ಪುಟ ನೆರಳಚ್ಚಿಗೆ ಹೋಗಿವೆ.