ಅಡಿಕೆ ಖೇಣಿ ಹರಾಮೇ? ಕೊಳೆ ಬಂದ ತೋಟದ ಬಾಕಿ ಹಣ ಯಾರ ತಲೆಗೆ?

ಪ್ರಶ್ನೆ (ಭದ್ರಾವತಿ ತಾಲ್ಲೂಕಿನ ಖೇಣಿ ವ್ಯಾಪಾರಿ):

ಅಸ್ಸಲಾಮು ಅಲೈಕುಂ ಹಜರತ್. ನಮ್ಮ ತಂದೆಯವರು ಮೂವತ್ತು ವರ್ಷ ಅಡಿಕೆ ಖೇಣಿ, ಅಂದರೆ ಮರದ ಮೇಲಿನ ಫಸಲನ್ನು ಮೊದಲೇ ಮಾತಾಡಿ ಕೊಳ್ಳುವ ವ್ಯಾಪಾರ, ಮಾಡಿದವರು. ಅವರು ತೀರಿಕೊಂಡ ಮೇಲೆ ನಾನು ಮುಂದುವರಿಸಿದ್ದೇನೆ. ಈ ವರ್ಷ ಯುಗಾದಿ ಕಳೆದ ಮೇಲೆ, ಮಿಡಿ ಕಚ್ಚಿದ್ದನ್ನು ನೋಡಿಕೊಂಡು, ಒಂದು ತೋಟದ ಫಸಲನ್ನು ಇಡಿಯಾಗಿ ಒಂದು ಮೊತ್ತಕ್ಕೆ ಮಾತಾಡಿ ಅರ್ಧ ಹಣ ಕೊಟ್ಟೆ. ಉಳಿದದ್ದನ್ನು ಮೊದಲ ಕೊಯ್ಲಿಗೆ ಕೊಡುವುದೆಂದು ಮಾತು. ಆಷಾಢದಲ್ಲಿ ಮಳೆ ಬಿಡಲಿಲ್ಲ, ಕೊಳೆ ರೋಗ ಬಂತು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಉದುರಿಹೋಗಿದೆ. ತೋಟದವರು ಬಾಕಿಯನ್ನು ಪೂರ್ತಿ ಕೇಳುತ್ತಿದ್ದಾರೆ. ಇದರ ಮೇಲೆ ನಮ್ಮ ಮಸೀದಿಯ ಹುಡುಗನೊಬ್ಬ ಮೊಬೈಲಿನಲ್ಲಿ ಯಾರದೋ ಭಾಷಣ ಕೇಳಿ, ಮರದ ಮೇಲಿರುವ ಫಸಲನ್ನು ಕೊಳ್ಳುವುದೇ ಹರಾಮ್ (ಧರ್ಮದಲ್ಲಿ ನಿಷಿದ್ಧ) ಎಂದು ಎಲ್ಲರ ಮುಂದೆ ಹೇಳಿದ. ಹಾಗಾದರೆ ಇಷ್ಟು ವರ್ಷ ನಾವು ಉಂಡ ಅನ್ನ? ಎರಡು ರಾತ್ರಿಯಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ.

ಉತ್ತರ (ಶಿವಮೊಗ್ಗದ ಮದರಸಾ ಒಂದರಲ್ಲಿ ಫಿಕ್ಹ್, ಅಂದರೆ ಇಸ್ಲಾಮಿನ ಧರ್ಮಶಾಸ್ತ್ರ, ಕಲಿಸುವವರು):

ವ ಅಲೈಕುಂ ಅಸ್ಸಲಾಂ. ಮೊದಲು ತಂದೆಯವರ ವಿಷಯ. ತೀರಿಕೊಂಡವರ ಮೂವತ್ತು ವರ್ಷದ ದುಡಿಮೆಯನ್ನು ಒಂದೇ ಪದದಲ್ಲಿ ಹರಾಮ್ ಎನ್ನಲು ಆ ಹುಡುಗನಿಗೆ ಅಧಿಕಾರವಿಲ್ಲ. ನನಗೂ ಇಲ್ಲ. ಹನಫಿ, ಶಾಫಿ ಮುಂತಾದ ಮದ್‌ಹಬ್‌ಗಳ (ಧರ್ಮಶಾಸ್ತ್ರದ ಪಂಥಗಳ) ಇಮಾಮರೇ ಒಮ್ಮತಕ್ಕೆ ಬಾರದ ವಿಷಯವಿದು.

ಮೂಲ ಎಲ್ಲಿದೆ ನೋಡಿ. ಫಲ ಪಕ್ವಗೊಳ್ಳುವ ಲಕ್ಷಣ ಕಾಣುವವರೆಗೆ ಅದನ್ನು ಮಾರಬೇಡಿ ಎಂದು ಪ್ರವಾದಿಯವರು (ಸ) ಹೇಳಿದ ಹದೀಸ್ (ಪ್ರವಾದಿಯವರ ನುಡಿಯ ವರದಿ) ಬುಖಾರಿ ಮತ್ತು ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಏಕೆ ಹೇಳಿದರು ಎಂಬುದನ್ನು ಪ್ರವಾದಿಯವರ ಸಂಗಾತಿ ಝೈದ್ ಬಿನ್ ಸಾಬಿತ್ ವಿವರಿಸುತ್ತಾರೆ. ಮದೀನಾದವರು ಖರ್ಜೂರವನ್ನು ಮರದ ಮೇಲೇ ಮಾರಿಬಿಡುತ್ತಿದ್ದರು. ಕೊಯ್ದು ಹಣ ಕೊಡುವ ಹೊತ್ತಿಗೆ ಕೊಂಡವನು ಬಂದು ‘ದಮಾನ್ ಬಂತು, ಮುರಾದ್ ಬಂತು, ಕುಶಾಮ್ ಬಂತು’ ಎಂದು ತಗಾದೆ ತೆಗೆಯುತ್ತಿದ್ದ. ಮೂರೂ ಖರ್ಜೂರದ ರೋಗಗಳ ಹೆಸರುಗಳು. ಜಗಳ ಹೆಚ್ಚಾದಾಗ ಪ್ರವಾದಿಯವರು ಹಾಗೆ ಮಾರಬೇಡಿ ಎಂದರು. ಅದು ಸಲಹೆಯ ಹಾಗಿತ್ತು ಎನ್ನುತ್ತಾರೆ ಝೈದ್. ಪಾಠ ಹೇಳುವಾಗ ಈ ಭಾಗ ಬಂದರೆ ನನಗೆ ಪ್ರತಿ ಸಲವೂ ನಮ್ಮ ತೋಟಗಳೇ ಕಣ್ಣ ಮುಂದೆ ನಿಲ್ಲುತ್ತವೆ. ದಮಾನ್ ಇದ್ದ ಜಾಗದಲ್ಲಿ ಕೊಳೆ ಎಂದು ಓದಿಕೊಂಡರೆ ನಿಮ್ಮ ಪ್ರಶ್ನೆಯೇ ಆಯಿತು.

ಅದೇ ಝೈದ್ ತಮ್ಮ ಜಮೀನಿನ ಫಲವನ್ನು ಸುರಯ್ಯಾ ನಕ್ಷತ್ರ ಹುಟ್ಟುವವರೆಗೆ ಮಾರುತ್ತಿರಲಿಲ್ಲವಂತೆ. ಸುರಯ್ಯಾ ಎಂದರೆ ನಮ್ಮ ಕೃತ್ತಿಕೆ. ಅಲ್ಲಿ ಅದು ಬೆಳಗಿನ ಜಾವ ಮೂಡಿತೆಂದರೆ ಬೇಸಿಗೆ ಬಲಿತು ಕಾಯಿ ಬಣ್ಣಕ್ಕೆ ತಿರುಗುತ್ತದೆ, ರೋಗದ ಭಯ ಕಳೆಯುತ್ತದೆ. ಮಲೆನಾಡಿನಲ್ಲಿ ಲೆಕ್ಕ ತಿರುಗುಮುರುಗು: ಕೃತ್ತಿಕೆ, ರೋಹಿಣಿ ದಾಟಿ ಆರಿದ್ರಾ ಮಳೆ ಹಿಡಿದ ಮೇಲೆಯೇ ನಮ್ಮ ಭಯ ಶುರುವಾಗುವುದು.

ಅಡಿಕೆಗೆ ‘ಪಕ್ವ’ ಎಂದರೇನು ಎಂಬುದೂ ಇಲ್ಲಿಯೇ ಬರುತ್ತದೆ. ಕೆಂಪಡಿಕೆಗೆ ನಾವು ಕಾಯಿ ಹಸಿರಿರುವಾಗಲೇ ಕೊನೆ (ಗೊನೆ) ಇಳಿಸುತ್ತೇವೆ. ಹಣ್ಣಾಗಲು ಬಿಟ್ಟರೆ ಕೆಂಪಡಿಕೆಗೆ ಬಾರದ ಗೋಟಾಗುತ್ತದೆ. ಆದ್ದರಿಂದ ಬಣ್ಣ ತಿರುಗುವುದನ್ನು ಕಾಯುತ್ತಾ ಕುಳಿತರೆ ಅರ್ಥವಿಲ್ಲ. ಹನಫಿ ವಿದ್ವಾಂಸರು ಪಕ್ವತೆಯನ್ನು ‘ರೋಗದಿಂದಲೂ ಕೆಡುವುದರಿಂದಲೂ ಪಾರಾಗುವುದು’ ಎಂದು ವಿವರಿಸಿದ್ದಾರೆ. ಶಾಫಿ ಗ್ರಂಥಗಳು ಸೌತೆಯಂಥ ಕಾಯಿಗಳಿಗೆ, ತಿನ್ನುವ ಹದಕ್ಕೆ ಬಂದರೆ ಸಾಕು ಎನ್ನುತ್ತವೆ. ಎರಡನ್ನೂ ಸೇರಿಸಿ ಅಡಿಕೆಗೆ ನಾನು ಹೇಳುವುದು ಇಷ್ಟು: ತಿರುಳು ಗಟ್ಟಿಯಾಗಬೇಕು, ಮಳೆಯ ಜೋರು ಇಳಿದಿರಬೇಕು. ಮಘೆ, ಹುಬ್ಬೆ ಮಳೆ ಕಳೆಯುವ ಹೊತ್ತು. ಆಗ ತೋಟ ಸುತ್ತಿ, ಕೊನೆ ನೋಡಿ ಬೆಲೆ ಮಾತಾಡಿದರೆ ಯಾವ ಮದ್‌ಹಬ್‌ನಲ್ಲೂ ತಂಟೆ ಇಲ್ಲ.

ಯುಗಾದಿಗೆ ಮಾತಾಡಿದ ನಿಮ್ಮ ವ್ಯಾಪಾರದಲ್ಲಿ ಮಿಡಿ ಕಣ್ಣಿಗೆ ಕಾಣುತ್ತಿತ್ತು. ಹೊರಬಿದ್ದ ಕಾಯಿಯನ್ನು ಬಲಿಯುವ ಮೊದಲು ಮಾರಿದರೂ ವ್ಯಾಪಾರ ಊರ್ಜಿತವೆಂಬುದು ಹನಫಿ ನಿಲುವು. ಕೊಯ್ಲಿನವರೆಗೆ ಮರದ ಮೇಲೆಯೇ ಬಿಡಬೇಕೆಂದು ಷರತ್ತು ಹಾಕಿದರೆ ಮಾತ್ರ ಅದು ಕೆಡುತ್ತದೆ ಎಂದರು. ಆದರೆ ಡಮಾಸ್ಕಸ್‌ನ ಹನಫಿ ವಿದ್ವಾಂಸ ಇಬ್ನ್ ಆಬಿದೀನ್ (ನಿಧನ 1836) ತಮ್ಮ ಊರಿನ ಹಣ್ಣಿನ ತೋಟಗಳನ್ನು ನೋಡಿಯೇ ಬರೆದವರು. ಒಂದು ಗೊಂಚಲು ಬಂದು ಇನ್ನೊಂದು ಬರುವ ಮೊದಲೇ ಜನ ಮಾರುತ್ತಾರೆ, ಈ ರೂಢಿಯಿಂದ ಅವರನ್ನು ಬಿಡಿಸುವುದು ಬಹಳ ಕಷ್ಟ. ಅಗತ್ಯಕ್ಕಾಗಿ ಸಲಮ್ (ಹಣ ಮೊದಲು, ಸರಕು ಆಮೇಲೆ) ವ್ಯಾಪಾರಕ್ಕೆ ಅನುಮತಿ ಇರುವಂತೆ ಇಲ್ಲಿಯೂ ದಾರಿ ಇದೆ ಎಂದು ವಾದಿಸಿದರು. ಅಡಿಕೆಯೂ ಒಂದೇ ಮರದಲ್ಲಿ ಕೊನೆಯ ಹಿಂದೆ ಕೊನೆ ಬಿಡುವ ಬೆಳೆ. ನಿಮ್ಮ ತಂದೆಯವರು ನಿಂತಿದ್ದದ್ದು ಈ ನೆರಳಿನಲ್ಲಿ. ನಿದ್ದೆ ಮಾಡಿ.

ಎರಡು ಸಂಗತಿಗಳಿಗೆ ಮಾತ್ರ ನೆರಳಿಲ್ಲ. ಸಿಂಗಾರವೇ (ಹೂಗೊಂಚಲೇ) ಒಡೆಯದ ತೋಟವನ್ನು ಕೊಳ್ಳುವುದು, ಮತ್ತು ಎರಡು-ಮೂರು ವರ್ಷದ ಫಸಲಿಗೆ ಒಟ್ಟಿಗೆ ದುಡ್ಡು ಕಟ್ಟುವುದು. ಮುಂದಿನ ವರ್ಷಗಳ ಫಲ ಮಾರುವುದನ್ನು ಹದೀಸ್ ನೇರವಾಗಿ ತಡೆದಿದೆ. ಅಂಥದ್ದು ನಿಮ್ಮ ಕೈಯಲ್ಲಿದ್ದರೆ ಬಿಡಿಸಿಕೊಳ್ಳಿ.

ಇನ್ನು ಕೊಳೆ. ‘ನೀನು ನಿನ್ನ ಸಹೋದರನಿಗೆ ಫಲ ಮಾರಿದ ಮೇಲೆ ಅದಕ್ಕೆ ವಿಪತ್ತು ಬಡಿದರೆ ಅವನಿಂದ ಏನನ್ನೂ ಪಡೆಯುವುದು ನಿನಗೆ ಸಲ್ಲದು, ಯಾವ ಹಕ್ಕಿನಿಂದ ಅವನ ಹಣ ತೆಗೆದುಕೊಳ್ಳುತ್ತೀಯ?’ ಎಂಬ ಹದೀಸನ್ನು ಪ್ರವಾದಿಯವರ ಇನ್ನೊಬ್ಬ ಸಂಗಾತಿ ಜಾಬಿರ್ ವರದಿ ಮಾಡಿದ್ದಾರೆ, ಮುಸ್ಲಿಂ ಸಂಗ್ರಹದಲ್ಲಿದೆ. ಇಮಾಮ್ ಅಹ್ಮದ್ ಇದನ್ನು ಕಡ್ಡಾಯವೆಂದರು. ಇಮಾಮ್ ಮಾಲಿಕ್ ನಷ್ಟ ಮೂರನೇ ಒಂದು ಪಾಲು ಮುಟ್ಟಿದರೆ ಬೆಲೆ ಇಳಿಸಲೇಬೇಕೆಂದರು. ಹನಫಿಗಳು, ಮತ್ತು ಇಮಾಮ್ ಶಾಫಿಯವರ ನಂತರದ ಅಭಿಪ್ರಾಯ, ತೋಟವನ್ನು ಕೊಂಡವನ ಸುಪರ್ದಿಗೆ ಒಪ್ಪಿಸಿದ ಮೇಲಿನ ನಷ್ಟ ಕೊಂಡವನದು, ಇಳಿಸುವುದು ಮಾರಿದವನ ಒಳ್ಳೆಯತನ ಎನ್ನುತ್ತವೆ. ಹೀಗಾಗಿ ನಮ್ಮ ಹನಫಿ ಮದ್‌ಹಬ್ ಪ್ರಕಾರ ನೀವು ತೋಟದವರನ್ನು ಕೇಳಿಕೊಳ್ಳಬಹುದು, ಒತ್ತಾಯಿಸುವಂತಿಲ್ಲ.

ನನ್ನದೊಂದು ಪ್ರಶ್ನೆ ಇದೆ. ಮದ್ದು ಹೊಡೆಸುವ ಹೊಣೆ ಯಾರದಾಗಿತ್ತು? ಮನುಷ್ಯನ ಕೈವಾಡವಿಲ್ಲದ ನಷ್ಟಕ್ಕೆ ಮಾತ್ರ ವಿಪತ್ತು ಎಂಬ ಹೆಸರು.

ಪ್ರಶ್ನಿಸಿದವರು:

ಹೊಣೆ ನನ್ನದೇ ಹಜರತ್. ಮಳೆಗೆ ಮೊದಲು ಬೋರ್ಡೋ ಹೊಡೆಸಿದ್ದೆ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಲೆಕ್ಕದಲ್ಲಿಯೇ. ನಲವತ್ತು ದಿನಕ್ಕೆ ಎರಡನೆಯದು ಹೊಡೆಸಬೇಕಿತ್ತು. ಮರ ಹತ್ತುವವರು ಸಿಗಲಿಲ್ಲ. ಸಿಕ್ಕಾಗ ಮಳೆ ಬಿಡಲಿಲ್ಲ. ಹದಿನೈದು ದಿನ ತಡವಾಯಿತು.

ಉತ್ತರ:

ಹಾಗಾದರೆ ಮುಚ್ಚಿಡಬೇಡಿ. ಮಳೆಯದೆಷ್ಟು, ನಿಮ್ಮದೆಷ್ಟು ಎಂದು ತೂಗಲು ನನ್ನಿಂದಾಗದು. ತೋಟ ಬಲ್ಲ ಇಬ್ಬರು ಹಿರಿಯರನ್ನು, ಒಬ್ಬರು ಅವರ ಕಡೆಯವರು ಒಬ್ಬರು ನಿಮ್ಮ ಕಡೆಯವರು, ಕರೆದುಕೊಂಡು ಹೋಗಿ. ತಡವಾದದ್ದನ್ನು ತೋಟದವರಿಗೆ ನೀವೇ ಮೊದಲು ಹೇಳಿ, ಆಮೇಲೆ ರಿಯಾಯಿತಿ ಕೇಳಿ. ಅವರು ಒಪ್ಪದಿದ್ದರೆ ಮಾತಾಡಿದ ಹಣ ಸಾಲವೇ. ಕಂತು ಮಾಡಿಕೊಂಡಾದರೂ ತೀರಿಸಿ.

ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು:

ನಮಸ್ಕಾರ ಮೌಲ್ವಿಗಳೇ. ನಾನು ನಿಮ್ಮ ಧರ್ಮದವನಲ್ಲ, ಆದರೆ ನಮ್ಮ ತೋಟವನ್ನು ಇಪ್ಪತ್ತು ವರ್ಷದಿಂದ ಒಬ್ಬರೇ ಸಾಬರಿಗೆ ಖೇಣಿಗೆ ಕೊಡುತ್ತಿದ್ದೇನೆ. ಹುಬ್ಬೆ ಮಳೆಯವರೆಗೆ ಕಾಯಿರಿ ಎಂದು ನೀವು ಸುಲಭವಾಗಿ ಹೇಳಿಬಿಟ್ಟಿರಿ. ನಮಗೆ ಹಣ ಬೇಕಾಗುವುದು ಮೇ-ಜೂನ್‌ನಲ್ಲಿ: ಗೊಬ್ಬರ, ಮದ್ದು, ಮಕ್ಕಳ ಶಾಲೆಯ ಫೀಸು. ಆಗ ಖೇಣಿಯವರು ಮುಂಗಡ ಕೊಡದಿದ್ದರೆ ಬಡ್ಡಿ ಸಾಲಕ್ಕೆ ಹೋಗಬೇಕು. ಅದು ನಿಮ್ಮ ಧರ್ಮಕ್ಕೆ ಇನ್ನೂ ದೊಡ್ಡ ತಪ್ಪಲ್ಲವೇ?

ಉತ್ತರ:

ನೀವು ಹೇಳಿದ್ದು ನಿಜ ಸ್ವಾಮಿ, ಮತ್ತು ಈ ಕಷ್ಟ ಹೊಸದಲ್ಲ. ಪ್ರವಾದಿಯವರು ಮದೀನಾಕ್ಕೆ ಬಂದಾಗ ಅಲ್ಲಿಯ ಬೆಳೆಗಾರರು ಒಂದೆರಡು ವರ್ಷ ಮೊದಲೇ ಹಣ ಪಡೆಯುತ್ತಿದ್ದರು. ಪ್ರವಾದಿಯವರು ಅದನ್ನು ನಿಲ್ಲಿಸಲಿಲ್ಲ. ಅಳತೆ, ತೂಕ, ಗಡುವು ಗೊತ್ತಿರಲಿ ಎಂದರು. ಇದೇ ಸಲಮ್. ಇಡೀ ತೋಟವನ್ನು ಒಂದು ಮೊತ್ತಕ್ಕೆ ಒಪ್ಪಿಸುವ ಬದಲು ‘ರಾಶಿ ಇಡಿ ದರ್ಜೆಯ ಅಡಿಕೆ, ಇಷ್ಟು ಕ್ವಿಂಟಾಲ್, ಈ ತಿಂಗಳ ಈ ತಾರೀಕು, ನಿಮ್ಮ ಗೋದಾಮಿಗೆ’ ಎಂದು ಬರೆದುಕೊಡಿ. ಹಣ ಆ ಕೂತ ಜಾಗದಲ್ಲೇ ಪೂರ್ತಿ ಎಣಿಸಿಕೊಳ್ಳಿ. ಇಂಥದೇ ತೋಟದ ಅಡಿಕೆ ಎಂದು ಬರೆಯುವಂತಿಲ್ಲ. ನಿಮ್ಮಲ್ಲಿ ಕೊಳೆ ಬಂದರೆ ಬೇರೆಡೆಯಿಂದ ತಂದು ಕೊಡಬೇಕು. ಅದು ನಿಮಗೆ ಭಾರ, ಗೊತ್ತು. ಆದ್ದರಿಂದ ಪೂರ್ತಿ ಬೆಳೆಗಲ್ಲ, ಜೂನ್‌ನ ಖರ್ಚಿಗೆ ಬೇಕಾದಷ್ಟಕ್ಕೆ ಮಾತ್ರ ಹೀಗೆ ಮಾಡಿ, ಉಳಿದದ್ದನ್ನು ಕೊನೆ ನೋಡಿಯೇ ಮಾರಿ.

ಇನ್ನೊಂದು ದಾರಿ ಪಾಲು. ಹಿಜರಿ 7ರಲ್ಲಿ ಖೈಬರ್‌ನ ತೋಟಗಳನ್ನು ಪ್ರವಾದಿಯವರು ಅಲ್ಲಿಯ ಯಹೂದಿ ರೈತರಿಗೇ ಅರ್ಧ ಫಸಲಿನ ಪಾಲಿಗೆ ಬಿಟ್ಟರು. ಅವರದು ದುಡಿಮೆ, ಫಲದಲ್ಲಿ ಇಬ್ಬರಿಗೂ ಅರ್ಧರ್ಧ. ಧರ್ಮ ಬೇರೆಯೆಂದು ಕರಾರಿನಲ್ಲಿ ವ್ಯತ್ಯಾಸ ಬರುವುದಿಲ್ಲ. ಇಮಾಮ್ ಅಬೂ ಹನೀಫಾ ಇಂಥ ಪಾಲಿಗೆ ಒಪ್ಪಿರಲಿಲ್ಲ, ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಒಪ್ಪಿದರು. ಹನಫಿಗಳು ನಡೆಯುತ್ತಿರುವುದು ಶಿಷ್ಯರ ಮಾತಿನಂತೆ. ಮದ್ದು, ಮಳೆಗೆ ಕೊನೆಗಳಿಗೆ ಕೊಟ್ಟೆ (ಹೊದಿಕೆ) ಕಟ್ಟುವುದು, ಕೊಯ್ಲು ಖೇಣಿಯವರದು, ಬಂದದ್ದರಲ್ಲಿ ಇಷ್ಟು ಪಾಲು ಎಂದಾದರೆ, ಕೊಳೆ ಬಂದ ವರ್ಷ ಇಬ್ಬರ ತಟ್ಟೆಯೂ ಒಟ್ಟಿಗೆ ಚಿಕ್ಕದಾಗುತ್ತದೆ. ಇಪ್ಪತ್ತು ವರ್ಷದ ನಂಟಿರುವ ನಿಮ್ಮಿಬ್ಬರಿಗೆ ಇದೇ ಸರಿ ಎಂದು ನನಗೆ ಕಾಣುತ್ತದೆ.

ಕೊಪ್ಪದ ಬ್ಯಾರಿ ವ್ಯಾಪಾರಿ:

ಉಸ್ತಾದ್, ನಾವು ದುಡ್ಡಿನ ಲೆಕ್ಕವನ್ನೇ ಇಟ್ಟುಕೊಂಡಿಲ್ಲ. ಹಸಿ ಅಡಿಕೆ ತೂಗಿ ಒಯ್ಯುತ್ತೇವೆ, ಕ್ವಿಂಟಾಲಿಗೆ 12-13 ಕಿಲೋ ಒಣ ಅಡಿಕೆಯನ್ನು ಎರಡು ತಿಂಗಳ ನಂತರ ತೋಟದವರಿಗೆ ಕೊಡುತ್ತೇವೆ. ಇದರಲ್ಲಿ ಜಗಳವೇ ಬಂದಿಲ್ಲ.

ಉತ್ತರ:

ಜಗಳ ಬಾರದಿರುವುದು ಸಂತೋಷ, ಆದರೆ ನನಗೆ ಹೆಚ್ಚು ಅಂಜಿಕೆ ಇರುವುದು ಇದರ ಮೇಲೆಯೇ. ಒಣ ಖರ್ಜೂರಕ್ಕೆ ಹಸಿ ಖರ್ಜೂರ ಕೊಡಬಹುದೇ ಎಂದು ಕೇಳಿದಾಗ ಪ್ರವಾದಿಯವರು ‘ಹಸಿ ಒಣಗಿದರೆ ತೂಕ ಇಳಿಯುತ್ತದೆಯೇ?’ ಎಂದು ಕೇಳಿ, ಹೌದೆಂದಾಗ ಬೇಡವೆಂದರು. ಹನಫಿ ಲೆಕ್ಕದಲ್ಲಿ ತೂಗಿ ಮಾರುವ ಸರಕಿಗೆ ತೂಗಿ ಮಾರುವ ಸರಕನ್ನು ಉದ್ದರಿಯಾಗಿ ಕೊಟ್ಟರೆ ಅದು ಬಡ್ಡಿಯ ಬಾಗಿಲು. ನೀವು ಶಾಫಿ, ಅಲ್ಲಿ ಬಡ್ಡಿಯ ವಿಷಯಕ್ಕೆ ತಿನ್ನುವ ವಸ್ತುವೇ ಎಂಬುದು ಅಳತೆಗೋಲು, ಅಡಿಕೆಯನ್ನು ಅದರಲ್ಲಿ ಸೇರಿಸುವುದು ಹೇಗೆಂದು ನಿಮ್ಮ ಊರಿನ ಉಸ್ತಾದರನ್ನು ಕೇಳಿ. ಅಷ್ಟರವರೆಗೆ ಹಸಿ ಅಡಿಕೆಗೆ ಅವತ್ತಿನ ದರ ಕಟ್ಟಿ ರೂಪಾಯಿಯಲ್ಲಿ ಕೊಂಡುಬಿಡಿ. ಇಲ್ಲವೇ ಅಡಿಕೆ ತೋಟದವರದ್ದಾಗಿಯೇ ಇರಲಿ. ಸುಲಿದು, ಬೇಯಿಸಿ, ಒಣಗಿಸಿ ಕೊಟ್ಟ ಕೂಲಿಯನ್ನು ನೀವು ರೂಪಾಯಿಯಲ್ಲಿ ಪಡೆಯಿರಿ.

ಮೊದಲು ಪ್ರಶ್ನಿಸಿದವರು:

ಹಜರತ್, ಇವತ್ತು ಹೋಗಿ ಬಂದೆ. ಎರಡನೇ ಮದ್ದು ತಡವಾದದ್ದನ್ನು ನಾನೇ ಹೇಳಿದೆ. ತೋಟದ ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬುಡದಲ್ಲಿ ಬಿದ್ದಿದ್ದ ಕಾಯಿಯೊಂದನ್ನು ಎತ್ತಿ, ಬಿಳಿ ಬೂಸ್ಟು ಹಿಡಿದಿದ್ದನ್ನು ಬೆರಳಿನಿಂದ ಒರೆಸಿ, ಮೇಲಿನ ಸಾಲಿನಲ್ಲಿ ಸರಿಯಾಗಿ ಮದ್ದು ಹೊಡೆದ ಪಕ್ಕದ ತೋಟಕ್ಕೂ ಕೊಳೆ ಬಂದಿದೆ ಎಂದರು. ಭಾನುವಾರ ಇಬ್ಬರು ಹಿರಿಯರೊಂದಿಗೆ ಬರಲು ಹೇಳಿದ್ದಾರೆ.