ಮಗುವಿಗೆ ಏಳು ತಿಂಗಳು, ಈಗಲೇ ಇನ್ನೊಂದು ಬೇಡ. ನೀವೇನು ಮಾಡಿದ್ರಿ?

ಕೇಳಿದವರು, ಸಿಂಧನೂರು ಹತ್ತಿರದ ಹಳ್ಳಿ:
ಅಕ್ಕಂದಿರೇ, ನನಗೆ 23 ವರ್ಷ. ಮಗ ಎದೆಹಾಲು ಕುಡಿಯುತ್ತಾನೆ, ನನಗೆ ಮುಟ್ಟು ಇನ್ನೂ ಬಂದಿಲ್ಲ. ಇನ್ನೊಂದಕ್ಕೆ ಮೂರು ವರ್ಷವಾದರೂ ಅಂತರ ಬೇಕು. ಹಾಲು ಕುಡಿಸುವ ತನಕ ಬಸಿರಾಗಲ್ಲ, ಸುಮ್ನಿರು ಅಂತಾರೆ ಅತ್ತೆ. ಆಶಾ ಅಕ್ಕ ವಂಕಿ (ಕಾಪರ್-ಟಿ), ಬಸಿರು ತಡೆಯುವ ‘ಅಂತರ’ ಇಂಜೆಕ್ಷನ್ ಎರಡೂ ಹೇಳಿದರು. ಪಕ್ಕದ ಮನೆಯವರು ವಂಕಿ ಎದೆಗೆ ಏರುತ್ತದೆ ಅಂತ ಹೆದರಿಸಿದ್ದಾರೆ. ಅನುಭವ ಇದ್ದವರು ಹೇಳಿ.

ಗಂಗಾವತಿಯಿಂದ:
ತಂಗಿ, ನಿಮ್ಮ ಅತ್ತೆ ಹೇಳಿದ ಮಾತೇ ನಂಬಿ ನಾನೂ ಕೂತಿದ್ದೆ. ಮಗನಿಗೆ ಎಂಟು ತಿಂಗಳು, ಗಂಜಿ ಶುರು ಮಾಡಿದ್ದೆವು. ಒಮ್ಮೆಯೂ ಮುಟ್ಟಾಗಿರಲಿಲ್ಲ. ಒಂದು ಬೆಳಗ್ಗೆ ಒಗ್ಗರಣೆ ವಾಸನೆಗೆ ವಾಂತಿ ಬಂತು, ಪಿತ್ತ ಅಂದುಕೊಂಡೆ. ತೋರಿಸಿದಾಗ ಎರಡು ತಿಂಗಳಾಗಿತ್ತು. ದೊಡ್ಡವನು ಜೋಲಿಯಿಂದ ಇಳಿಯುವ ಮೊದಲೇ ಚಿಕ್ಕವಳು ಬಂದಳು. ಮೈಯಲ್ಲಿ ರಕ್ತವಿಲ್ಲದೆ ಬಾಣಂತನ ಪೂರ್ತಿ ನರಳಿದೆ.

ಎದೆಹಾಲು ಕಾಯುವುದು ಮೊದಲ ಆರು ತಿಂಗಳು ಮಾತ್ರ. ಅದೂ ಹಗಲು ರಾತ್ರಿ ಬರೀ ಎದೆಹಾಲೇ ಕೊಡುತ್ತಿರಬೇಕು, ಮುಟ್ಟು ಬಂದಿರಬಾರದು. ಒಂದು ತಪ್ಪಿದರೂ ನಂಬುವ ಹಾಗಿಲ್ಲ. ನಿಮಗೆ ಏಳಾಯಿತು ಅಲ್ವಾ, ತಡ ಮಾಡಬೇಡಿ.

ಎರಡನೇ ಹೆರಿಗೆಯ ಮರುದಿನವೇ ವಂಕಿ ಹಾಕಿಸಿಕೊಂಡೆ. ಹೆರಿಗೆಯಾಗಿ 48 ಗಂಟೆಯೊಳಗೆ ಹಾಕುತ್ತಾರೆ, ಆಮೇಲಾದರೆ ಆರು ವಾರ ಕಳೆಯಬೇಕು. ಸಿಸ್ಟರ್ ಮೊದಲು ಅಂಗೈ ಮೇಲಿಟ್ಟು ತೋರಿಸಿದರು. ಬೆಂಕಿಕಡ್ಡಿಗಿಂತ ಗಿಡ್ಡ, ಮೆತ್ತಗೆ ಬಾಗುವ ಪ್ಲಾಸ್ಟಿಕ್, ಸುತ್ತ ಸಣ್ಣ ತಾಮ್ರದ ತಂತಿ, ಬಾಲದಲ್ಲಿ ಎರಡೆಳೆ ದಾರ. ಅದು ಗರ್ಭಕೋಶದಲ್ಲೇ ಇರುತ್ತದೆ. ಅಲ್ಲಿಂದ ಎದೆಗೆ ದಾರಿಯೇ ಇಲ್ಲ. ಕೆಲವರಿಗೆ ಜಾರಿ ಬೀಳುವುದುಂಟು, ಅದಕ್ಕೇ ತಪಾಸಣೆಗೆ ಕರೆಯುತ್ತಾರೆ. ನನಗೆ ಮೊದಲ ಮೂರು ತಿಂಗಳು ಮುಟ್ಟು ಜಾಸ್ತಿ ಹೋಯಿತು, ಹೊಟ್ಟೆ ಹಿಂಡುತ್ತಿತ್ತು. ಆಮೇಲೆ ಅದು ಇರುವುದೇ ಮರೆತುಹೋಯಿತು. ಐದು ವರ್ಷದ್ದೂ ಇದೆ, ಹತ್ತು ವರ್ಷದ್ದೂ ಇದೆ. ಮಗು ಬೇಕೆಂದಾಗ ತೆಗೆಸಬಹುದು.

ಮಾನ್ವಿ ಕಡೆಯವಳು, ಈಗ ಬೆಂಗಳೂರಲ್ಲಿ ಕಟ್ಟಡ ಕೆಲಸ:
ನಾನು ಅಂತರ. ಮೂರು ತಿಂಗಳಿಗೊಂದು ಸೂಜಿ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಹಾಲು ಕುಡಿಸುವವರೂ ತಗೋಬಹುದು. ಎರಡನೇ ಸೂಜಿ ಆದ ಮೇಲೆ ನನಗೆ ಮುಟ್ಟು ನಿಂತಿತು. ಕೆಟ್ಟ ರಕ್ತ ಒಳಗೇ ಕಟ್ಟುತ್ತದೆ ಅಂತ ಅತ್ತೆ ಅತ್ತೇಬಿಟ್ಟರು. ಯಾವುದೂ ಕಟ್ಟಲ್ಲ, ಗರ್ಭಕೋಶದ ಒಳಪದರ ತೆಳ್ಳಗಿರುವುದರಿಂದ ಮುಟ್ಟು ಬರಲ್ಲ ಅಷ್ಟೇ. ಗುಳೆ ಬಂದ ಮೇಲೆ ತಾರೀಕು ಹತ್ತು ದಿನ ದಾಟಿತ್ತು. ಕಾರ್ಡ್ ಹಿಡಿದು ಇಲ್ಲಿನ ಆಸ್ಪತ್ರೆಗೆ ಹೋದೆ, ಕೊಟ್ಟರು. ನಾಲ್ಕು ವಾರದ ತನಕ ತಡವಾದರೂ ನಡೆಯುತ್ತದೆ. ಒಂದು ಮಾತು, ಕೊನೇ ಸೂಜಿ ಆದ ಮೇಲೆ ಮತ್ತೆ ಬಸಿರಾಗಲು ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಅದನ್ನೂ ಲೆಕ್ಕ ಹಾಕಿಕೊಳ್ಳಿ.

ಬಳ್ಳಾರಿಯಿಂದ:
ನಾನು ಬಸಿರು ತಡೆಯುವ ಛಾಯಾ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಹಾರ್ಮೋನ್ ಇಲ್ಲ. ಮರೆಯಬಾರದು ಅಂತ ಕ್ಯಾಲೆಂಡರಿನಲ್ಲಿ ಭಾನುವಾರ, ಬುಧವಾರಕ್ಕೆ ಕುಂಕುಮದ ಬೊಟ್ಟು ಇಡುತ್ತಿದ್ದೆ.

ಮೊದಲು ವಂಕಿಗೆ ಹೋದಾಗ ಒಂದು ಕಡೆ ಗಂಡನನ್ನು ಕರೆದುಕೊಂಡು ಬಾ ಅಂತ ವಾಪಸ್ ಕಳಿಸಿದ್ದರು. ಅಳು ಬಂತು. ಗಂಡನ ಸಹಿ ಬೇಕಿಲ್ಲ ಅಕ್ಕ, ನಿಮ್ಮ ಒಪ್ಪಿಗೆ ಸಾಕು. ಯಾರಾದರೂ ಕೇಳಿದರೆ ಗಟ್ಟಿಯಾಗಿ ಹೇಳಿ.

ಕೇಳಿದವರು:
ನಿನ್ನೆ ಆಶಾ ಅಕ್ಕನ ಜೊತೆ ಹೋಗಿ ಬಂದೆ. ಮೊದಲು ಮೂತ್ರ ಪರೀಕ್ಷೆ ಮಾಡಿದರು. ಒಂದೇ ಗೆರೆ ಬಂತು, ಬಸಿರಿಲ್ಲ ಅಂದರು, ಜೀವ ಬಂದ ಹಾಗಾಯಿತು. ಅತ್ತೆಯೂ ಬಂದಿದ್ದರು. ಗಂಗಾವತಿ ಅಕ್ಕನ ಮಾತು ಓದಿ ಹೇಳಿದ್ದೆ, ಅದಕ್ಕೇ ಹೊರಟರು. ವಂಕಿಯನ್ನು ಅವರೇ ಕೈಯಲ್ಲಿ ಹಿಡಿದು ನೋಡಿದರು. ಇಷ್ಟೇನಾ ಅಂದರು. ಹಾಕಿಸಿಕೊಂಡೆ. ವಂಕಿಯ ಕಾರ್ಡನ್ನು ತಾಯಿ ಕಾರ್ಡಿನೊಳಗೇ ಇಟ್ಟಿದ್ದೇನೆ. ಆರು ವಾರಕ್ಕೆ ತಪಾಸಣೆ.