ಎರಡು ಗೂಗಲ್ ಶೀಟ್‌ಗಳನ್ನು ಒಂದೇ ಪರದೆಯಲ್ಲಿ ಅಕ್ಕಪಕ್ಕ ಇಟ್ಟು ತಾಳೆ ನೋಡುವುದು ಹೇಗೆ?

ಬಟವಾಡೆ ಲೆಕ್ಕ (ಪ್ರಶ್ನೆ)

ನಮಸ್ಕಾರ. ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕವನ್ನು ನಾನು ನೋಡಿಕೊಳ್ಳುತ್ತೇನೆ. ಹಾಲು ಅಳೆಯುವವರು ಪ್ರತಿ ಸದಸ್ಯರ ಎರಡು ಹೊತ್ತಿನ ಲೀಟರುಗಳನ್ನು ಒಂದು ಗೂಗಲ್ ಶೀಟ್‌ನಲ್ಲಿ ತುಂಬುತ್ತಾರೆ. ವಾರಕ್ಕೊಂದು ಹಾಳೆ, ಏಳು ದಿನಕ್ಕೆ 14 ಕಾಲಂ, ಕೊನೆಯಲ್ಲಿ ಒಟ್ಟು. ರಿಜಿಸ್ಟರ್ ನೋಡಿ ನಾನು ಬರೆದ ಬಟವಾಡೆ ಪಟ್ಟಿ ಬೇರೊಂದು ಕಡತದಲ್ಲಿದೆ. ಹಣ ಹಂಚುವ ಮುನ್ನ ಎರಡನ್ನೂ ತಾಳೆ ನೋಡಬೇಕಾಗುತ್ತದೆ. ಈಗ ಒಂದು ಟ್ಯಾಬ್‌ನಲ್ಲಿ ಅಂಕಿಯನ್ನು ನೋಡಿ, ಬಾಯಲ್ಲಿ ಹೇಳಿಕೊಳ್ಳುತ್ತ ಇನ್ನೊಂದಕ್ಕೆ ಹೋಗುವಷ್ಟರಲ್ಲಿ 46.5 ಎಂಬುದು 45.6 ಆಗಿಬಿಡುತ್ತದೆ. ಕಂಪ್ಯೂಟರಿನಲ್ಲಿ ಹಾಕಿಕೊಂಡ ಎಕ್ಸೆಲ್‌ನಲ್ಲಿ ಎರಡು ಕಡತಗಳನ್ನು ಅಕ್ಕಪಕ್ಕ ತೋರಿಸುವ ಗುಂಡಿಯೊಂದಿತ್ತು; ಗೂಗಲ್ ಶೀಟ್‌ನಲ್ಲಿ ಅದು ಸಿಗುತ್ತಿಲ್ಲ. ನನ್ನದು ವಿಂಡೋಸ್ 10, ಕ್ರೋಮ್, 1366×768 ಪರದೆಯ ಹಳೆಯ ಲ್ಯಾಪ್‌ಟಾಪ್. ಮುದ್ರಿಸಿಕೊಳ್ಳುವ ದಾರಿಯನ್ನು ಬಿಟ್ಟು ಬೇರೇನಾದರೂ ಇದ್ದರೆ ತಿಳಿಸಬೇಕಾಗಿ ವಿನಂತಿ.

ಕೀಲಿಮಣೆ

ಆ ಗುಂಡಿ ಗೂಗಲ್ ಶೀಟ್‌ನಲ್ಲಿ ಇಲ್ಲ, ಆದ್ದರಿಂದ ಕೆಲಸವನ್ನು ವಿಂಡೋಸ್‌ನಿಂದಲೇ ಮಾಡಿಸಿಕೊಳ್ಳಬೇಕು. ಎರಡು ಶೀಟ್‌ಗಳೂ ಒಂದೇ ಕಿಟಕಿಯ ಟ್ಯಾಬ್‌ಗಳಾಗಿದ್ದರೆ, ಒಂದು ಟ್ಯಾಬನ್ನು ಮೌಸಿನಿಂದ ಹಿಡಿದು ಕೆಳಕ್ಕೆ ಎಳೆದು ಬಿಡಿ. ಅದು ಪ್ರತ್ಯೇಕ ಕಿಟಕಿಯಾಗುತ್ತದೆ. ಬಳಿಕ ವಿಂಡೋಸ್ ಕೀಲಿಯನ್ನು ಒತ್ತಿ ಹಿಡಿದು ಎಡ ಬಾಣವನ್ನು ಒತ್ತಿದರೆ ಆ ಕಿಟಕಿ ಪರದೆಯ ಎಡ ಅರ್ಧಕ್ಕೆ ಅಂಟಿಕೊಳ್ಳುತ್ತದೆ, ಉಳಿದ ಕಿಟಕಿಗಳು ಬಲಭಾಗದಲ್ಲಿ ಸಣ್ಣ ಚಿತ್ರಗಳಾಗಿ ಕಾಣಿಸುತ್ತವೆ, ಅವುಗಳಲ್ಲಿ ಇನ್ನೊಂದು ಶೀಟನ್ನು ಆರಿಸಿಕೊಂಡರೆ ಮುಗಿಯಿತು. ನಡುವಿನ ಗೆರೆಯನ್ನು ಹಿಡಿದು ಎಳೆದರೆ ಒಂದು ಹಿಗ್ಗಿದಷ್ಟು ಇನ್ನೊಂದು ಕುಗ್ಗುತ್ತದೆ.

ನಿಮ್ಮ ಪರದೆಯ ಅರ್ಧ ಎಂದರೆ 683 ಪಿಕ್ಸೆಲ್. ಗೂಗಲ್ ಶೀಟ್‌ನ ಒಂದು ಕಾಲಂ ಮೊದಲಿಗೆ 100 ಪಿಕ್ಸೆಲ್ ಅಗಲವಿರುವುದರಿಂದ ಆರು ಕಾಲಂ ಕಂಡರೆ ಹೆಚ್ಚು. ಕುಗ್ಗಿಸಲು ಕಂಟ್ರೋಲ್ ಮತ್ತು ಮೈನಸ್ ಒತ್ತಿದರೆ ಎರಡೂ ಕಿಟಕಿಗಳು ಒಟ್ಟಿಗೆ ಕುಗ್ಗುತ್ತವೆ, ಏಕೆಂದರೆ ಕ್ರೋಮ್ ಈ ಅಳತೆಯನ್ನು ಜಾಲತಾಣಕ್ಕೊಂದರಂತೆ ನೆನಪಿಟ್ಟುಕೊಳ್ಳುತ್ತದೆ. ಒಂದನ್ನು ಮಾತ್ರ ಕುಗ್ಗಿಸಬೇಕೆಂದಿದ್ದರೆ ಶೀಟ್‌ನ ಮೇಲಿನ ಪಟ್ಟಿಯಲ್ಲಿರುವ 100% ಎಂಬುದನ್ನು 75%ಕ್ಕೆ ಇಳಿಸಿ. ಕಂಟ್ರೋಲ್, ಶಿಫ್ಟ್ ಮತ್ತು ಎಫ್ ಒತ್ತಿದರೆ ಮೆನು ಮರೆಯಾಗಿ ಇನ್ನೂ ಕೆಲವು ಸಾಲುಗಳಿಗೆ ಜಾಗ ಸಿಗುತ್ತದೆ. ಎಕ್ಸೆಲ್‌ನಲ್ಲಿ ಎರಡೂ ಒಟ್ಟಿಗೆ ಉರುಳುತ್ತಿದ್ದಂತೆ ಇಲ್ಲಿ ಉರುಳುವುದಿಲ್ಲ ಎಂಬುದನ್ನು ಗಮನಿಸಿ; ಪ್ರತಿಯೊಂದನ್ನೂ ಬೇರೆ ಬೇರೆಯಾಗಿಯೇ ಸರಿಸಬೇಕು.

ಅಡ್ಡಸಾಲು

14 ಕಾಲಂ ಇರುವ ಪಟ್ಟಿಯನ್ನು ಅಕ್ಕಪಕ್ಕ ಇಡುವುದಕ್ಕಿಂತ ಮೇಲೆ ಕೆಳಗೆ ಇಡುವುದೇ ಮೇಲೆಂದು ನನಗೆ ತೋರುತ್ತದೆ. ವಿಂಡೋಸ್ 10ರಲ್ಲಿ ಉಳಿದ ಕಿಟಕಿಗಳನ್ನೆಲ್ಲ ಕೆಳಗಿಳಿಸಿ, ಟಾಸ್ಕ್‌ಬಾರಿನ ಖಾಲಿ ಜಾಗದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ‘ಶೋ ವಿಂಡೋಸ್ ಸ್ಟ್ಯಾಕ್ಡ್’ ಎಂಬುದನ್ನು ಆರಿಸಿ. ಮನೆಯಲ್ಲಿ ಎಚ್‌ಡಿಎಂಐ ಇರುವ ಟಿವಿ ಇದ್ದರೆ ಇನ್ನೂ ಅನುಕೂಲ: ಕೇಬಲ್ ಸಿಕ್ಕಿಸಿ, ವಿಂಡೋಸ್ ಕೀಲಿಯೊಂದಿಗೆ ಪಿ ಒತ್ತಿ, ‘ಎಕ್ಸ್‌ಟೆಂಡ್’ ಆರಿಸಿದರೆ ಟಿವಿಯೇ ಎರಡನೆಯ ಪರದೆಯಾಗುತ್ತದೆ. ಧಾರಾವಾಹಿಯ ಹೊತ್ತನ್ನು ಮಾತ್ರ ತಪ್ಪಿಸಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ಜಾಗ ಸಾಲದೆಂದು ಹಂಚಿಕೊಂಡ ಶೀಟ್‌ನಲ್ಲಿ ಕಾಲಂಗಳನ್ನು ಮರೆಮಾಡಬೇಡಿ. ಹಾಲು ಅಳೆಯುವವರ ಪರದೆಯಲ್ಲಿಯೂ ಅವು ಮರೆಯಾಗುತ್ತವೆ. ಸಾಲುಗಳನ್ನು ಬೇರೆ ಕ್ರಮಕ್ಕೆ ತರಬೇಕಾದರೆ ‘ಫಿಲ್ಟರ್ ವ್ಯೂ’ ಬಳಸಿ, ಅದು ಇತರರ ನೋಟವನ್ನು ಕದಲಿಸುವುದಿಲ್ಲ.

ಬಟವಾಡೆ ಲೆಕ್ಕ

ಇಬ್ಬರಿಗೂ ಧನ್ಯವಾದ. ಅಕ್ಕಪಕ್ಕ ಇಟ್ಟು ನೋಡಿದೆ, ಮೊದಲ ಮೂವತ್ತು ಸಾಲು ಸರಾಗವಾಗಿ ಸಾಗಿತು. ಆಮೇಲೆ ಒಂದೂ ಹೊಂದಲಿಲ್ಲ. ಹಿಂದಕ್ಕೆ ಹೋಗಿ ನೋಡಿದಾಗ, ಹಸು ಗಬ್ಬವಿದ್ದು ಆ ವಾರ ಹಾಲು ಹಾಕದ 31ನೇ ಸಂಖ್ಯೆಯ ಸದಸ್ಯರ ಸಾಲನ್ನೇ ಹಾಲು ಅಳೆಯುವವರು ಬರೆದಿರಲಿಲ್ಲ, ಅಲ್ಲಿಂದ ಕೆಳಗೆ ಪ್ರತಿಯೊಬ್ಬರ ಎದುರಿಗೂ ಅವರ ಮುಂದಿನವರ ಲೀಟರ್ ಬಂದು ಕೂತಿತ್ತು.

ತಾಳೆಪಟ್ಟಿ

ಅಕ್ಕಪಕ್ಕ ಇಡುವುದು ಓದುವುದಕ್ಕೆ ಸರಿ. ತಾಳೆ ನೋಡುವ ಕೆಲಸವನ್ನು ಕಣ್ಣಿಗೆ ಹೊರಿಸದೆ ಸದಸ್ಯರ ಸಂಖ್ಯೆಗೆ ಹೊರಿಸಿ. ನಿಮ್ಮ ಬಟವಾಡೆ ಕಡತದಲ್ಲಿ ಖಾಲಿ ಹಾಳೆಯೊಂದನ್ನು ಸೇರಿಸಿ, ಅದರ ಮೊದಲ ಕೋಶದಲ್ಲಿ, ಬೇರೊಂದು ಶೀಟ್‌ನ ಅಂಕಿಗಳನ್ನು ಇಲ್ಲಿಗೆ ತರುವ ‘ಇಂಪೋರ್ಟ್‌ರೇಂಜ್’ ಸೂತ್ರವನ್ನು ಬರೆಯಿರಿ. ಅದಕ್ಕೆ ಎರಡು ವಿಷಯ ಕೊಡಬೇಕು: ಹಾಲಿನ ಶೀಟ್‌ನ ವಿಳಾಸ, ಮತ್ತು ಬೇಕಾದ ಹಾಳೆಯ ಹೆಸರಿನೊಂದಿಗೆ ಕೋಶಗಳ ವ್ಯಾಪ್ತಿ, ಎರಡನ್ನೂ ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಮೊದಲ ಸಲ ಅಲ್ಲಿ ದೋಷದ ಗುರುತು ಕಾಣಿಸುತ್ತದೆ. ಗಾಬರಿಯಾಗದೆ ಅದರ ಮೇಲೆ ಮೌಸ್ ಇಟ್ಟು ‘ಅಲೋ ಆಕ್ಸೆಸ್’ ಒತ್ತಿ. ಅವರು ಅಲ್ಲಿ ತಿದ್ದಿದ್ದು ಸ್ವಲ್ಪ ಹೊತ್ತಿನಲ್ಲಿ ನಿಮ್ಮಲ್ಲಿಗೂ ಬರುತ್ತದೆ, ನಿಮ್ಮಿಂದ ಅವರ ಶೀಟ್‌ಗೆ ಏನೂ ಹೋಗುವುದಿಲ್ಲ.

ಇನ್ನು ನಿಮ್ಮ ಪಟ್ಟಿಯ ಪಕ್ಕದ ಕಾಲಂನಲ್ಲಿ ‘ಸಮ್‌ಇಫ್’ ಬಳಸಿ, ಆ ಹೊಸ ಹಾಳೆಯಿಂದ ಅದೇ ಸದಸ್ಯ ಸಂಖ್ಯೆಯ ಒಟ್ಟು ಲೀಟರನ್ನು ತರಿಸಿ, ಅದರ ಪಕ್ಕದಲ್ಲಿ ಎರಡರ ವ್ಯತ್ಯಾಸವನ್ನು ಬರೆಸಿ. ‘ಸಮ್‌ಇಫ್’ ಒಳಗೇ ‘ಇಂಪೋರ್ಟ್‌ರೇಂಜ್’ ಬರೆದರೆ ಅದು ಒಪ್ಪುವುದಿಲ್ಲ, ಅದಕ್ಕಾಗಿಯೇ ನಡುವೆ ಒಂದು ಹಾಳೆ ಬೇಕು. ಸಾಲು ತಪ್ಪಿದರೂ, ಯಾರದೋ ಹೆಸರು ಎರಡು ಸಲ ಬಂದಿದ್ದರೂ ಲೆಕ್ಕ ಕೆಡುವುದಿಲ್ಲ. ಸೊನ್ನೆಯಲ್ಲದ ಸಾಲುಗಳನ್ನಷ್ಟೇ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಬಟವಾಡೆ ಲೆಕ್ಕ

ಮಾಡಿದೆ, ಎರಡೇ ಸಾಲು ಉಳಿದವು. ಒಂದು ನನ್ನದೇ ತಪ್ಪು. ಇನ್ನೊಂದರಲ್ಲಿ ಅವರ ಒಟ್ಟು ಸರಿಯಾಗಿ 8.2 ಲೀಟರ್ ಕಡಿಮೆಯಿದೆ, ಆದರೆ 14 ಅಂಕಿಗಳನ್ನೂ ಕಾಗದದ ಮೇಲೆ ಕೂಡಿದರೆ ನನ್ನ ಒಟ್ಟೇ ಬರುತ್ತದೆ. ಇದೆಂತಹ ವಿಚಿತ್ರ?

ತಾಳೆಪಟ್ಟಿ

ಅವರ ಮೂಲ ಶೀಟ್‌ನಲ್ಲಿ ಆ ಸಾಲನ್ನು ನೋಡಿ, ಒಂದು ಅಂಕಿ ಕೋಶದ ಎಡಕ್ಕೆ ಅಂಟಿಕೊಂಡಿರಬೇಕು. ಸಂಖ್ಯೆಗಳು ತಾವಾಗಿಯೇ ಬಲಕ್ಕೆ ನಿಲ್ಲುತ್ತವೆ, ಅಕ್ಷರಗಳು ಎಡಕ್ಕೆ. ಯಾರೋ ‘8.2 ಲೀ’ ಎಂದು ಬರೆದಿದ್ದರೆ ಅದು ಶೀಟ್‌ನ ಪಾಲಿಗೆ ಬರಿಯ ಪದ, ಒಟ್ಟು ಕೂಡುವ ‘ಸಮ್’ ಸೂತ್ರ ಅದನ್ನು ದಾಟಿ ಮುಂದಕ್ಕೆ ಹೋಗುತ್ತದೆ.

ಬಟವಾಡೆ ಲೆಕ್ಕ

ಹಾಗೆಯೇ ಇತ್ತು, ಗುರುವಾರ ಸಂಜೆಯ ಕೋಶದಲ್ಲಿ. ‘ಲೀ’ ಅಳಿಸಲು ಅವರಿಗೆ ಫೋನ್ ಮಾಡಿ ಹೇಳಿದ್ದೇನೆ.